ಸಹಾಯ ಬೇಕು: ಕಾದಂಬರಿ ನಡುವಲ್ಲೇ ನಿಂತುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ಕಥೆ, ಕಾದಂಬರಿ ಬರೆಯುವವರ ಸಲಹೆ ಬೇಕಿತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲಕ್ಕೆ ಊರು ಬಿಟ್ಟ ಒಂದು ಮನೆಯವರ ಕಥೆ ಬರೆಯುತ್ತಿದ್ದೇನೆ. ಮೊದಲ ಭಾಗ ಸರಾಗವಾಗಿ ಬಂತು. ಈಗ ಅಜ್ಜಿ ಲಾರಿ ಹತ್ತಬೇಕು. ಬಾಗಿಲಿಗೆ ಚಿಲಕ ಹಾಕಿ, ಮತ್ತೆ ತೆಗೆದು, ಒಳಗೆ ಹೋಗಿ ಒರಳುಕಲ್ಲಿನ ಮುಂದೆ ನಿಲ್ಲುತ್ತಾಳೆ. ಅಲ್ಲಿಂದ ಮುಂದಕ್ಕೆ ಪೆನ್ನು ಓಡುತ್ತಿಲ್ಲ. ದಿನಾ ಕೂರುತ್ತೇನೆ, ಹಳೇ ಸಾಲುಗಳನ್ನೇ ತಿದ್ದುತ್ತೇನೆ, ಏಳುತ್ತೇನೆ.

ಸುಮ್ನೆ ವಾಕಿಂಗ್ ಹೋಗಿ ಬನ್ನಿ ಅಂತ ಮಾತ್ರ ಹೇಳಬೇಡಿ, ಪ್ಲೀಸ್. ಅದರಿಂದ ಕಾಲು ಗಟ್ಟಿಯಾಯಿತೇ ಹೊರತು ಕಥೆ ಮುಂದೆ ಹೋಗಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದು, ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದಲ್ವಾ, ಅದೇ ನನ್ನ ಕೊನೆಯ ಅಧ್ಯಾಯ. ಅದು ತಲೆಯಲ್ಲಿ ಸಿದ್ಧವಿದೆ. ಲಾರಿ ಅಧ್ಯಾಯ ಬಿಟ್ಟು ಅದನ್ನೇ ಮೊದಲು ಬರೆದುಬಿಡಲಾ? ಹಾಗೆ ಮಾಡಿದವರು ನಡುವಿನ ಜಾಗವನ್ನು ಆಮೇಲೆ ಹೇಗೆ ಜೋಡಿಸಿದಿರಿ? ಅಥವಾ ಈ ಭಾಗವನ್ನು ಮೊಮ್ಮಗನ ಬಾಯಲ್ಲಿ ಹೇಳಿಸಿದರೆ ಹಗುರವಾದೀತಾ?

ಆಫೀಸು ಮುಗಿಸಿ ರಾತ್ರಿ ಬರೆಯುವವರು ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ ಅಂತಲೂ ಹೇಳಿ. ಮುಳುಗಡೆಯಾದ ಊರಿನ ಮನೆತನದವರು ಯಾರಾದರೂ ಇಲ್ಲಿದ್ದರೆ, ಆಗ ಸಾಮಾನು ಹೇಗೆ ಸಾಗಿಸಿದರು, ಏನು ಬಿಟ್ಟು ಹೋದರು ಅಂತ ಎರಡು ಮಾತು ಬರೆದರೂ ದೊಡ್ಡ ಉಪಕಾರ.