ಸಹಾಯ ಬೇಕು: ಅನುಪಾತದ ಸಮಸ್ಯೆಯನ್ನು ಲೀನಿಯರ್ ಮಾಡಿದರೆ ಟಿ = 0 ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಲಾಭ ಭಾಗಿಸು ಖರ್ಚು, ಈ ಅನುಪಾತವನ್ನು ಗರಿಷ್ಠ ಮಾಡಬೇಕು. ನಿರ್ಬಂಧಗಳೆಲ್ಲ ಲೀನಿಯರ್ (ಚರಗಳ ವರ್ಗ, ಗುಣಲಬ್ಧ ಇಲ್ಲದವು), ಛೇದ, ಅಂದರೆ ಖರ್ಚು, ಯಾವಾಗಲೂ ಧನಾತ್ಮಕ. ಹಾಗಾಗಿ 1962ರ ಚಾರ್ನ್ಸ್-ಕೂಪರ್ ರೂಪಾಂತರ ಹಿಡಿದೆ: ಎಕ್ಸ್ ನಾನು ಹುಡುಕುತ್ತಿರುವ ಮೂಲ ಚರ; ಟಿ = 1/ಛೇದ, ವೈ = ಎಕ್ಸ್ × ಟಿ ಅಂತ ಇಟ್ಟರೆ ಮಾಮೂಲಿ ಲೀನಿಯರ್ ಪ್ರೋಗ್ರಾಂ (ಗುರಿ, ನಿರ್ಬಂಧ ಎರಡೂ ಲೀನಿಯರ್ ಆಗಿರುವ ಸಮಸ್ಯೆ) ಸಿಗುತ್ತದೆ, ಕೊನೆಗೆ ವೈ/ಟಿ ಮಾಡಿ ಎಕ್ಸ್ ವಾಪಸ್ ಪಡೆಯಬಹುದು. ಚೆನ್ನಾಗಿದೆ ಅಲ್ವಾ? ಆದರೆ ಸಾಲ್ವರ್ (ಇಂಥ ಸಮಸ್ಯೆ ಬಿಡಿಸುವ ತಂತ್ರಾಂಶ) ಟಿ = 0 ಕೊಡುತ್ತಿದೆ. ಸೊನ್ನೆಯಿಂದ ಹೇಗೆ ಭಾಗಿಸೋದು!

ಚಿಕ್ಕ ಉದಾಹರಣೆಯಲ್ಲೂ ಇದೇ ಕಥೆ. ಎಕ್ಸ್ ≥ 0 ಇದ್ದಾಗ ಎಕ್ಸ್/(ಎಕ್ಸ್+1) ಗರಿಷ್ಠ ಮಾಡಿ. ಹೊಸ ರೂಪದಲ್ಲಿ ವೈ + ಟಿ = 1, ಎರಡೂ ≥ 0, ವೈ ಗರಿಷ್ಠ. ಉತ್ತರ ವೈ = 1, ಟಿ = 0. ಆದರೆ ಮೂಲ ಸಮಸ್ಯೆಯಲ್ಲಿ 1ರ ಹತ್ತಿರ ಹೋಗಬಹುದು ಅಷ್ಟೇ, ಮುಟ್ಟೋಕಾಗಲ್ಲ.

ಟಿ ≥ 0.0001 ಅಂತ ಸೇರಿಸಿ ನೋಡಿದೆ, ಎಕ್ಸ್ = 9999 ಬಂತು; ಆ ಸಂಖ್ಯೆ ನಾನೇ ತುರುಕಿದ್ದು, ಸಮಸ್ಯೆಯದ್ದಲ್ಲ. ಎಕ್ಸ್ ≤ 100 ಹಾಕಿದರೆ ಟಿ = 1/101, ಎಕ್ಸ್ = 100, ಎಲ್ಲ ಸರಿ. ಕ್ಷೇತ್ರ (ನಿರ್ಬಂಧಗಳಿಗೆ ಒಪ್ಪುವ ಎಕ್ಸ್ ಬೆಲೆಗಳ ಗಣ) ಸೀಮಿತವಾಗಿದ್ದರೆ ಟಿ = 0 ಬರಲ್ಲ ಅನ್ನೋದರ ಸಾಧನೆಯೂ ಅರ್ಥವಾಯಿತು. ನನ್ನ ನಿಜವಾದ ಸಮಸ್ಯೆಯಲ್ಲಿ ಅಂಥ ಮಿತಿ ಇಲ್ಲ, ಸುಮ್ನೆ ಹಾಕೋಕೆ ಮನಸ್ಸಿಲ್ಲ.

ನನ್ನ ಪ್ರಶ್ನೆ: ಟಿ = 0 ಬಂದರೆ ಮೂಲ ಸಮಸ್ಯೆಗೆ ಗರಿಷ್ಠ ಬಿಂದುವೇ ಇಲ್ಲ ಅಂತ ತೀರ್ಮಾನಿಸಬಹುದಾ, ಅಥವಾ ಅದೇ ಬೆಲೆ ಕೊಡುವ ಟಿ > 0 ಇರುವ ಬೇರೆ ಉತ್ತರ ಇರಬಹುದಾ? ಇರಬಹುದಾದರೆ ಅದನ್ನು ಹುಡುಕೋದು ಹೇಗೆ?