ಸಮಸ್ಯೆ: ಸಾಲ ತೀರಿಸದವನೆ ಋಣಮುಕ್ತನಾದ

ಸಮಸ್ಯೆ ಕೊಟ್ಟವರು (ದಾವಣಗೆರೆ):
ಈ ವಾರದ ಸಮಸ್ಯೆ, ಅಂದರೆ ಪದ್ಯದ ಕೊನೆಯ ಪಾದ (ಸಾಲು), ಮೇಲಿದೆ. ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಅದರ ಮುಂಚಿನ ಮೂರು ಪಾದ ಬರೆದು ಪೂರಣ ಮಾಡುವುದು ನಿಮ್ಮದು. ಪ್ರತಿ ಪಾದದ ಎರಡನೆಯ ಅಕ್ಷರ ಲಕಾರ, ಅದರ ಹಿಂದೆ ದೀರ್ಘ. ಈ ಗಜಪ್ರಾಸ ತಪ್ಪಬಾರದು. ತೀರಿಸಿದವನು ಋಣಮುಕ್ತನಾಗುವುದು ಲೋಕರೂಢಿ, ತೀರಿಸದವನು ಹೇಗಾದ? ಆ ವಿರೋಧವನ್ನು ಪದ್ಯದೊಳಗೇ ಕಳೆಯಬೇಕು. ಸಾಲಗಾರ ಸತ್ತ ಎಂದು ಬಿಡಿಸುವುದು ಬೇಡ. ನಮ್ಮ ಕಡೆ ಸತ್ತವನ ಸಾಲ ಮಕ್ಕಳ ತಲೆಗೆ ಬರುತ್ತದೆ.

ಚಳ್ಳಕೆರೆಯ ತಮ್ಮ:
ಮೇಷ್ಟ್ರೆ, ನಾವು ಶೇಂಗಾ ಬೆಳೆಯೋರು, ನಮಗೆ ಈ ಪಾದ ಕೇಳಿದ ತಕ್ಷಣ ಒಂದೇ ನೆನಪಾಗೋದು.

ಕೂಲಿನಾಲಿಯ ಮಾಡಿ ಬಡ್ಡಿ ಕಟ್ಟಿದರು
ಮೂಲ ಗಂಟಿನ ಭಾರ ಕರಗದಿರುತಿರಲು
ಓಲೆ ಬಂದಿತು ಮನ್ನವಾಯಿತೆನುತೊಮ್ಮೆ
ಸಾಲ ತೀರಿಸದವನೆ ಋಣಮುಕ್ತನಾದ

ಸಮಸ್ಯೆ ಕೊಟ್ಟವರು:
ತಮ್ಮಾ, ಗಣ ಎಲ್ಲೂ ಎಡವಿಲ್ಲ. "ಮನ್ನಾ"ವನ್ನು ಹ್ರಸ್ವ ಮಾಡಿಕೊಂಡಿದ್ದು ಸಲ್ಲುತ್ತದೆ. ಆದರೆ ವಿರೋಧ ಅರ್ಧ ಮಾತ್ರ ಕಳೆಯಿತು. ಸರ್ಕಾರ ಮನ್ನಾ ಮಾಡಿದ ಸಾಲವನ್ನು ಬ್ಯಾಂಕಿಗೆ ಬೊಕ್ಕಸ ತುಂಬಿಕೊಡಬೇಕು. ಸಾಲ ಎಲ್ಲಿಗೂ ಹೋಗಲಿಲ್ಲ, ಹೊರುವ ಹೆಗಲು ಬದಲಾಯಿತು ಅಷ್ಟೆ. ಆ ಹೆಗಲು ನಿನ್ನ ಪದ್ಯದಲ್ಲಿ ಕಾಣುತ್ತಿಲ್ಲ.

ಹಿರಿಯೂರಿನ ಅಕ್ಕ:
ನಾನು ಬೈಬಲ್ಲಿಗೆ ಹೋದೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯ (ದೃಷ್ಟಾಂತದ ಕತೆ). ದಾಸನೊಬ್ಬ ಅರಸನಿಗೆ 10,000 ತಲಾಂತು ಬಾಕಿ.

ಪಾಲಕನ ಕಾಲ್ವಿಡಿದು ಬೇಡಿದನು ದಾಸ
ಕಾಲ ಕೊಡು ತೀರಿಸುವೆನೆಲ್ಲವನು ಎಂದು
ಮೇಲೊಡೆಯ ಗಡುವಲ್ಲ ಪತ್ರವನೆ ಹರಿದ
ಸಾಲ ತೀರಿಸದವನೆ ಋಣಮುಕ್ತನಾದ

ಸಮಸ್ಯೆ ಕೊಟ್ಟವರು:
ಅಕ್ಕಾರೆ, ಮೂರನೆಯ ಪಾದಕ್ಕೆ ಕೈಮುಗಿದೆ. ಅವನು ಕೇಳಿದ್ದು ಗಡುವು, ಸಿಕ್ಕಿದ್ದು ಬಿಡುಗಡೆ. ಇಲ್ಲೊಂದು ಲೆಕ್ಕ ಹೇಳಲೇಬೇಕು. ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿಯಸ್. ಒಂದು ದೆನಾರಿಯಸ್ ಆ ಕಾಲದ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆ ದಾಸನ ಸಾಲ 6 ಕೋಟಿ ದಿನದ ದುಡಿಮೆ. "ಕಾಲ ಕೊಡು, ತೀರಿಸುವೆ" ಎನ್ನುವಾಗ ಅವನು ಎಷ್ಟು ಜನ್ಮ ಕೇಳುತ್ತಿದ್ದಾನೆ ನೋಡಿ! ನಾನು ದುಡಿದು ದೇವರ ಲೆಕ್ಕ ಚುಕ್ತಾ ಮಾಡುತ್ತೇನೆ ಎಂಬ ಮಾತಿನ ಬಡತನವನ್ನು ಯೇಸು ಒಂದು ಅಂಕಿಯಲ್ಲಿ ತೋರಿಸಿಬಿಟ್ಟ.

ಕೋಟೆ ಬಾಗಿಲಿನವರು (ಚಿತ್ರದುರ್ಗ):
ನನ್ನದು ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಮೇಲೆ.

ಕೋಲು ಕತ್ತಿಯ ಬಾಳು ಬಾಳಿದನು ಕಳ್ಳ
ಶೂಲದೊಳು ತೂಗುತಿರೆ ನೆರೆಯವನ ಕಂಡ
ಮೇಲೆ ರಾಜ್ಯದಿ ನೆನೆಯೊ ನನ್ನನೆನಲಷ್ಟೆ
ಸಾಲ ತೀರಿಸದವನೆ ಋಣಮುಕ್ತನಾದ

ಸಮಸ್ಯೆ ಕೊಟ್ಟವರು:
"ಶೂಲ" ಬೇರೆ, ಶಿಲುಬೆ ಬೇರೆ. ಶಿಲುಬೆ ಸಿರಿಯಾಕ್ ಭಾಷೆಯಿಂದ ನಮ್ಮ ಕಡೆಗೆ ಬಂದ ಮಾತು. ಆದರೆ ಅದರ ಮೊದಲಕ್ಷರ ಹ್ರಸ್ವ, ಪಾದದ ತಲೆಗೆ ತಂದರೆ ಸಿಂಹಪ್ರಾಸವಾಗಿ ಬಿಡುತ್ತದೆ. ನಿಮ್ಮ ಇಕ್ಕಟ್ಟು ಅರ್ಥವಾಯಿತು, ಒಪ್ಪಿದೆ. ಲೂಕನ ಸುವಾರ್ತೆಯ 23ನೇ ಅಧ್ಯಾಯದ ಈ ಕಳ್ಳನಿಗೆ ದಾನ ಮಾಡಲು ಕೈ ಬಿಡುವಿಲ್ಲ, ತೀರ್ಥಯಾತ್ರೆಗೆ ಕಾಲಿಲ್ಲ, ತಿದ್ದಿಕೊಂಡು ಬಾಳಲು ಒಂದು ದಿನವೂ ಇಲ್ಲ. ಉಳಿದದ್ದು ನಾಲಿಗೆ ಒಂದೇ. ಕೃಪೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಮನುಷ್ಯನನ್ನೇ ತೋರಿಸುವುದು.

ವಿದ್ಯಾನಗರದ ಹಿರಿಯರು (ದಾವಣಗೆರೆ):
ಪದ್ಯಗಳು ಚೆನ್ನಾಗಿವೆ. ಆದರೆ ಕಾಯಕವೇ ಕೈಲಾಸ ಎಂದು ಕೇಳಿ ಬೆಳೆದ ಕಿವಿಗೆ ಈ "ಪುಕ್ಕಟೆ" ಹಿಡಿಸುವುದಿಲ್ಲ. ದುಡಿಯದೆ ಉಣ್ಣುವುದನ್ನು ನಾವು ಒಳ್ಳೆಯದು ಅನ್ನುತ್ತೇವೆಯೆ? ಎಲ್ಲ ಮಾಫಿ ಎಂದಾದರೆ ನಾಳೆ ಮತ್ತೆ ಕದಿಯಲು ಯಾರು ಹೆದರುತ್ತಾರೆ?

ಸಮಸ್ಯೆ ಕೊಟ್ಟವರು:
ಹಿರಿಯರೆ, ಈ ಪ್ರಶ್ನೆ ಯೇಸುವಿನ ಸಂದೇಶ ಸಾರಿದ ಪೌಲನ ಕಾಲದ್ದೇ. ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೆ ಎಂದು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅವನೇ ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರ ಹೇಳುತ್ತದೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎಂದ ಮರುವಾಕ್ಯದಲ್ಲೇ ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಯಾದೆವು ಎಂದು ಬರುತ್ತದೆ. ಆ ಕ್ರಮವನ್ನು ಗಮನಿಸಿ. ಒಳ್ಳೆಯ ಕೆಲಸ ಕೊಟ್ಟು ರಕ್ಷಣೆ ಕೊಳ್ಳುವುದಲ್ಲ. ಸಿಕ್ಕ ಮೇಲೆ ಕೈ ತಾನಾಗಿ ಕೆಲಸಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಕನ್ನಡದ ಕ್ರೈಸ್ತರಲ್ಲಿ ಪ್ರೊಟೆಸ್ಟೆಂಟರು "ಕೃಪೆ" ಎನ್ನುವುದನ್ನು ಕ್ಯಾಥೊಲಿಕರು "ವರಪ್ರಸಾದ" ಎನ್ನುತ್ತಾರೆ. ಅವರ ನಮೋ ಮರಿಯಾ ಪ್ರಾರ್ಥನೆಯಲ್ಲಿ "ವರಪ್ರಸಾದ ಪೂರ್ಣೆ" ಎಂದೇ ಇದೆ. ಪ್ರಸಾದವೆಂಬ ಮಾತು ನಿಮ್ಮ ಶರಣರ ಅಷ್ಟಾವರಣದಲ್ಲೂ ಇದೆಯಲ್ಲ! ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ, ಹಿಂದಿರುವ ದರ್ಶನಗಳು ಬೇರೆ. ಆದರೆ ಪ್ರಸಾದವನ್ನು ಕೂಲಿ ಎಂದು ಯಾರೂ ಎಣಿಸುವುದಿಲ್ಲ, ಬೊಗಸೆ ಒಡ್ಡಿ ತೆಗೆದುಕೊಳ್ಳುತ್ತೇವೆ.

ವಿದ್ಯಾನಗರದ ಹಿರಿಯರು:
ಬೊಗಸೆಯ ಮಾತು ಒಪ್ಪಿದೆ. ಇದೇ ವಿಷಯಕ್ಕೆ ಕ್ರೈಸ್ತರೊಳಗೇ ಒಡಕಾಯಿತಲ್ಲವೆ?

ಸಮಸ್ಯೆ ಕೊಟ್ಟವರು:
ಆಯಿತು. 1517ರಲ್ಲಿ ಜರ್ಮನಿಯ ಸುಧಾರಕ ಲೂಥರನಿಂದ ಶುರುವಾದ ವಾದದ ನಡುಗಂಬವೇ ಇದು. ಅದಕ್ಕೂ ಸಾವಿರ ವರ್ಷ ಮುಂಚೆ ಪೆಲಾಗಿಯಸ್ ಎಂಬ ಸನ್ಯಾಸಿ, ಮನುಷ್ಯ ತನ್ನ ಸಂಕಲ್ಪದಿಂದಲೇ ಒಳಿತಿನ ದಾರಿ ಹಿಡಿಯಬಲ್ಲ ಎಂದಾಗ, ಆ ಸಂಕಲ್ಪಕ್ಕೂ ಕೃಪೆ ಬೇಕು ಎಂದು ಬಿಷಪ್ ಅಗಸ್ಟೀನ್ ವಾದಿಸಿದ್ದ. ಕ್ಯಾಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯಾವ ಪುಣ್ಯಕ್ಕೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬುದು ಅದರ ತಿರುಳು.

ಹಿರಿಯೂರಿನ ಅಕ್ಕ:
ಮಾರಿಕಣಿವೆ ನೋಡಿ ಬೆಳೆದ ನನಗೆ ಇದು ವಾದದಿಂದ ತಿಳಿದದ್ದಲ್ಲ. 1907ರಲ್ಲಿ ಕಟ್ಟಿ ಮುಗಿದ ಕೆರೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಅಷ್ಟು ವರ್ಷ ಯಾರ ಪೂಜೆ ಕಡಿಮೆಯಾಗಿತ್ತು, ಆ ವರ್ಷ ಯಾರ ಪುಣ್ಯ ಹೆಚ್ಚಾಯಿತು? ನೀರು ಹರಿಯುವುದನ್ನು ನೋಡಲು ಊರಿಗೆ ಊರೇ ಹೋಗಿ ನಿಂತಿತ್ತು. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ದೇವರು ಮಳೆ ಸುರಿಸುತ್ತಾನೆ ಎಂಬ ಯೇಸುವಿನ ಮಾತು ನನಗೆ ಆವತ್ತು ಆ ಗುಂಪಿನಲ್ಲಿ ನಿಂತಾಗ ಹೊಕ್ಕಿತು.

ಹೊಸಬಳು (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಓದುತ್ತಿದ್ದೆ, ಬರೆಯಲು ಧೈರ್ಯವಿರಲಿಲ್ಲ. ನಮ್ಮದು ಕ್ರೈಸ್ತ ಮನೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ಮನೆ ನಡೆದದ್ದು ಬೀದಿ ತುದಿಯ ಕಿರಾಣಿ ಅಂಗಡಿಯ ಉದ್ರಿಯಲ್ಲಿ. ಅಕ್ಕಿ, ಎಣ್ಣೆ, ಮಂಡಕ್ಕಿ, ಎಲ್ಲ ಉದ್ರಿ. ಒಂದು ದಿನ ಅಪ್ಪ ನನ್ನ ಕೈ ಹಿಡಿದುಕೊಂಡು ಹೋಗಿ, ಅಣ್ಣಾರೆ, ಇನ್ನೊಂದು ವರ್ಷ ತಡ್ಕೊಳ್ರಿ ಅಂದರು. ಅಂಗಡಿಯವರು ಪುಸ್ತಕ ತೆಗೆದು, ನಮ್ಮ ಹಾಳೆಗೆ ಅಡ್ಡ ಗೀಟು ಎಳೆದು, ಕೆಳಗೆ ತಮ್ಮ ಹೆಸರು ಬರೆದುಕೊಂಡರು. ಆ ದೀಪಾವಳಿಗೆ ಅವರ ಮಕ್ಕಳಿಗೆ ಹೊಸ ಬಟ್ಟೆ ಬರಲಿಲ್ಲ. ನಾನು ಅವರ ಮಗಳ ಜೊತೆ ಶಾಲೆಗೆ ಹೋಗುತ್ತಿದ್ದೆ, ಹಾಗಾಗಿ ಗೊತ್ತು.

ಕೊಲೊಸ್ಸೆಯವರಿಗೆ ಪೌಲ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಮೊಳೆ ಹೊಡೆದ ಎಂದು ಬರುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಕಾಣುವುದು ಆ ಹಾಳೆ. ತಪ್ಪಿದ್ದರೆ ತಿದ್ದಿ.

ಸಾಲು ಸಾಲಿನ ಲೆಕ್ಕ ಬರೆದ ಪುಸ್ತಕದಿ
ಮೇಲೊಂದು ಗೀಟೆಳೆದು ತನ್ನ ಹೆಸರಿನಲಿ
ಪಾಲು ಹಾಕದೆ ತಾನೆ ಹೊತ್ತ ನಷ್ಟವನು
ಸಾಲ ತೀರಿಸದವನೆ ಋಣಮುಕ್ತನಾದ

ಸಮಸ್ಯೆ ಕೊಟ್ಟವರು:
ತಂಗೀ, ತಿದ್ದಲು ಏನೂ ಇಲ್ಲ. ನಾನು ಹುಡುಕುತ್ತಿದ್ದ ಹೆಗಲು ಸಿಕ್ಕಿತು. ಹೊತ್ತವನನ್ನು ಮೂರನೆಯ ಪಾದದಲ್ಲಿ ನಿಲ್ಲಿಸಿದ್ದರಿಂದ ನಾಲ್ಕನೆಯದು ಒಗಟಾಗಿ ಉಳಿಯಲಿಲ್ಲ. ಈ ವಾರದ ಪೂರಣ ಇದೇ.

ವಿದ್ಯಾನಗರದ ಹಿರಿಯರು:
ನನ್ನ "ಪುಕ್ಕಟೆ" ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ, ಮಗಳೆ.

ಚಳ್ಳಕೆರೆಯ ತಮ್ಮ:
ಹಿರಿಯೂರಿನ ಅಕ್ಕಾರೆ, ನಿಮ್ಮ ದಾಸನ ಕತೆ ಮುಂದಕ್ಕೆ ಓದಿದೆ. ಆರು ಕೋಟಿ ದಿನದ ಸಾಲ ಬಿಡಿಸಿಕೊಂಡು ಹೊರಗೆ ಬಂದವನು, ನೂರು ದಿನದ ಕೂಲಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡೀತಾನೆ. ಅಲ್ಲಿಗೆ ಓದೋದು ನಿಲ್ಲಿಸಿದೆ. ನಮ್ಮ ಪಕ್ಕದ ಹೊಲದವನು ಬಿತ್ತೋಕೆ ಅಂತ ಎರಡು ಚೀಲ ಬೀಜ ಒಯ್ದಿದ್ದ. ಮಳೆ ಕೈಕೊಡ್ತು, ಅವನಿಗೂ ಬೆಳೆ ಬರಲಿಲ್ಲ. ಅವತ್ತಿಂದ ಬದುವಿನ ಮೇಲೆ ಎದುರಾದ್ರೂ ನಾನು ಮಾತಾಡ್ಸಿಲ್ಲ. ನಂದು ಮನ್ನಾ ಆಗಿದ್ದು ಅದೇ ವರ್ಷ. ಇವತ್ತು ಸಂಜೆ ಅವನ ಮನೆಗೆ ಹೋಗ್ಬೇಕು ಅಂತಿದೀನಿ. ಎರಡು ಪಾದ ಆಗಿದಾವೆ, ಮೂರನೇದು ಇನ್ನೂ ಆಗಿಲ್ಲ.

ಚೀಲದಲಿ ಬೀಜವನು ಒಯ್ದ ನೆರೆಯವನ
ಮೇಲೆ ಮುನಿದಿದ್ದೆ ನಾ ಮೂರು ವರುಷಗಳು