ಸೋರ್ಸ್ ಏನು, ದೊಡ್ಡಪ್ಪ?

2025ರ ಆಗಸ್ಟ್ 5ನೇ ತಾರೀಕು, ಮಂಗಳವಾರ ರಾತ್ರಿ 8:40. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನಿಂದ ಒಂದು ಫಾರ್ವರ್ಡ್ ಬಂತು. ತಲೆಯ ಮೇಲೆ ಜೋಡಿ ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದದ್ದು. ನಾನು ಬಸ್ಸಿನಲ್ಲಿದ್ದೆ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಲ್ಲೇ ನಿಂತಿತ್ತು, ಓದುವುದಕ್ಕೆ ಬೇಕಾದಷ್ಟು ಹೊತ್ತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಎದೆ ಧಸಕ್ ಅಂದಿತು. ಅದು ನಾನೇ ಬರೆದದ್ದು.

ಹಿಂದಿನ ರಾತ್ರಿ ಬರೆದಿದ್ದೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಮ್ಯಾಚಿಗೆ ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕಿನಲ್ಲಿ ಒಟ್ಟಿಗೆ ಕೂರುವ ನಾವು ಆರು ಜನರ ಗುಂಪಿಗೆ ಅಂತ. ಆರರಲ್ಲಿ ಯಾರೋ ಒಬ್ಬ ಇನ್ನೊಬ್ಬರಿಗೆ ಕಳಿಸಿದ್ದಾನೆ. ಅಲ್ಲಿಂದ ಅದು 24 ಗಂಟೆಯೊಳಗೆ ಬಸವನಗುಡಿಯ ದೊಡ್ಡಪ್ಪನ ವಾಕಿಂಗ್ ಗುಂಪು ಮುಟ್ಟಿದೆ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ತಲೆಗೆ ಒಂದು ಸಾಲು, ಬಾಲಕ್ಕೆ ಒಂದು ಸಾಲು ಅಂಟಿಸಿದ್ದರು. ನಡುವಿನದು ಹಾಗೇ ಇತ್ತು, ಕಾಗುಣಿತದ ತಪ್ಪಿನ ಸಮೇತ.

"ಶಾಕಿಂಗ್!! ಬೆಂಗಳೂರು ಫುಟ್‌ಬಾಲ್ ತಂಡ ಶಾಶ್ವತ ಬಂದ್!! ತಪ್ಪದೇ ಓದಿ!!

ಏಪ್ರಿಲ್ 12, ಕರಗದ ರಾತ್ರಿ. ಊರೆಲ್ಲ ತಿಗಳರಪೇಟೆ ಕಡೆ, ನಾನು ಮಾತ್ರ ನಮ್ಮವರ ಮನೆಯ ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ. ನೀರಿನ ಲೋಟಕ್ಕೆ ಫೋನ್ ಒರಗಿಸಿ ಐಎಸ್‌ಎಲ್ ಫುಟ್‌ಬಾಲ್ ಲೀಗಿನ ಫೈನಲ್ ನೋಡುತ್ತಿದ್ದೆ. ಕೋಲ್ಕತ್ತದ ಸಾಲ್ಟ್ ಲೇಕ್, 50 ಸಾವಿರಕ್ಕೂ ಜಾಸ್ತಿ ಜನ, ಬಹುಪಾಲು ಎದುರಾಳಿ ಮೋಹನ್ ಬಗಾನ್ ಕಡೆಯವರೇ. 49ನೇ ನಿಮಿಷ ನಮ್ಮ ವಿಲಿಯಮ್ಸ್ ಕ್ರಾಸ್ ಹಾಕಿದ, ಮೋಹನ್ ಬಗಾನ್‌ನ ಆಲ್ಬರ್ಟೊ ತಡೆಯಲು ಹೋಗಿ ತನ್ನದೇ ಗೋಲಿಗೆ ತಳ್ಳಿದ. ಕೋಸಂಬರಿ ಕೂಡ ಸಿಹಿಯಾಯಿತು. ಆಮೇಲೆ ನಮ್ಮ ಬಾಕ್ಸಿನೊಳಗೆ ಚೆಂಡು ಚಿಂಗ್ಲೆನ್‌ಸನಾ ಕೈಗೆ ತಾಗಿತು. 'ಅಯ್ಯೋ, ಕೈ ಹಾಕಿಬಿಟ್ಟನಲ್ಲೋ!' ಅಂತ ಕೂಗಿಬಿಟ್ಟೆ. ಎದುರು ಸಾಲಿನಲ್ಲಿ ಹುಡುಗಿಯ ಸೋದರಮಾವ ಆಗಷ್ಟೇ ಮೂರನೇ ಹೋಳಿಗೆಗೆ ಕೈ ಹಾಕಿದ್ದರು. ಹಾಗೇ ಎಲೆ ಮೇಲೆ ಬಿಟ್ಟರು. ತುಪ್ಪದವನೂ ನಿಂತುಬಿಟ್ಟ. 72ನೇ ನಿಮಿಷ ಕಮಿಂಗ್ಸ್ ಪೆನಾಲ್ಟಿ ಹೊಡೆದ, 1-1. ಎಕ್ಸ್‌ಟ್ರಾ ಟೈಮಿನಲ್ಲಿ, 96ನೇ ನಿಮಿಷ, ಮೆಕ್ಲಾರೆನ್. 2-1. ಆ ಹೊತ್ತಿಗೆ ನಾನು ಕೈ ತೊಳೆಯುವ ನಲ್ಲಿ ಹತ್ತಿರ, ಬಾಯಲ್ಲಿ ಬೀಡಾ.

ಸೋತದ್ದಕ್ಕೆ ಅಳುವ ವಯಸ್ಸಲ್ಲ. ಐಎಸ್‌ಎಲ್‌ನಲ್ಲಿ ನಾಲ್ಕು ಫೈನಲ್ ಆಡಿ ಒಂದು ಕಪ್ ತಂದವರು ನಾವು. 2018ರಲ್ಲಿ ನಮ್ಮ ಕಂಟೀರವದಲ್ಲೇ ಚೆನ್ನೈಯಿನ್ 3-2 ಹೊಡೆದು ಹೋಯಿತು. 2019ರಲ್ಲಿ ಮುಂಬೈಯಲ್ಲಿ ಗೋವಾ ಎದುರು ಭೆಕೆ 117ನೇ ನಿಮಿಷ ತಲೆ ಕೊಟ್ಟ, ಅದೊಂದೇ ಗೋಲು, ಗೆದ್ದೆವು. 2023ರಲ್ಲಿ ಇದೇ ಬಗಾನ್ ಜೊತೆ ಪೆನಾಲ್ಟಿಯಲ್ಲಿ ಹೋಯಿತು. ಪ್ರತಿ ಸಲ ಮಾರನೇ ಬೆಳಗಿನಿಂದ ಲೆಕ್ಕ ಶುರು. ಯಾರನ್ನು ಬಿಡುತ್ತಾರೆ, ಯಾರನ್ನು ತರುತ್ತಾರೆ, ಛೆಟ್ರಿ ಇನ್ನೊಂದು ವರ್ಷ ಆಡುತ್ತಾನಾ. ರಜೆಯ ಸುಖವೇ ಅದು. ಈ ಸಲದ ರಜೆಗೆ ಕೊನೆಯ ತಾರೀಕೇ ಇಲ್ಲ. ಸೀಸನ್ನಿನಲ್ಲಿ 14 ಗೋಲು ಹೊಡೆದ ಛೆಟ್ರಿಗೆ ಮೊನ್ನೆ 3ಕ್ಕೆ 41 ತುಂಬಿತು. ಮಾರನೇ ದಿನವೇ ಕ್ಲಬ್ಬು ಸಂಬಳ ನಿಲ್ಲಿಸಿದ್ದೇವೆ ಅಂದಿತು.

ನಿಜವಾದ ಕನ್ನಡಿಗರಾದರೆ 10 ಜನಕ್ಕೆ ಕಳಿಸಿ."

ಇದರ ಕೆಳಗೆ ದೊಡ್ಡಪ್ಪನ ಸ್ವಂತ ಸಾಲು.

ದೊಡ್ಡಪ್ಪ: ಎಲ್ಲರೂ ಓದಿ. ಆಟದ ಹುಚ್ಚು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅಂತ ಬರೆದವನೇ ಒಪ್ಪಿಕೊಂಡಿದ್ದಾನೆ. ನಮ್ಮ ಮನೆಯಲ್ಲೂ ಕೆಲವರಿಗೆ ಅನ್ವಯಿಸುತ್ತದೆ.

ಕೆಲವರು ಅಂದರೆ ನಾನು. ಬರೆದವನೂ ನಾನೇ. ಏನು ಹೇಳಬೇಕೋ ತೋಚದೆ ಸುಮ್ನೆ ನೋಡುತ್ತಾ ಕೂತೆ.

ಮಲ್ಲೇಶ್ವರ ಅತ್ತೆ: ಅಯ್ಯೋ ಪಾಪ. ಈ ಸಲ ಆರ್‌ಸಿಬಿ ಗೆದ್ದಿತಲ್ವಾ ಅಣ್ಣ? ಮತ್ತೆ ಯಾಕೆ ಬಂದ್?

ಪುಟ್ಟಿ: ಅತ್ತೆ, ಅದು ಕ್ರಿಕೆಟ್. ಇದು ಫುಟ್‌ಬಾಲ್.

ಮಲ್ಲೇಶ್ವರ ಅತ್ತೆ: ಎರಡೂ ಬೆಂಗಳೂರೇ ಅಲ್ವೇನೇ.

ಪುಟ್ಟಿ: ದೊಡ್ಡಪ್ಪ, ಇದರ ಸೋರ್ಸ್ ಏನು?

ಬಂತು ನೋಡಿ. ಪುಟ್ಟಿ ನನ್ನ ಚಿಕ್ಕಪ್ಪನ ಮಗಳು. ಲೆಕ್ಕಪತ್ರ ತಪಾಸಣೆಯ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತಾಳೆ. ಕೊರೋನಾ ಕಾಲದಲ್ಲಿ ದೊಡ್ಡಪ್ಪ ಕಳಿಸಿದ ಕಷಾಯದ ಮೆಸೇಜಿಗೆ ಇದೇ ಪ್ರಶ್ನೆ ಕೇಳಿದ್ದಕ್ಕೆ ಅವರು ಗುಂಪು ಬಿಟ್ಟು ಹೋಗಿ, ಅಪ್ಪ ಹೋಗಿ ಕಾಫಿ ಕುಡಿದು ಮಾತಾಡಿಸಿ ವಾಪಸ್ ಸೇರಿಸಬೇಕಾಯಿತು.

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನ ನಿವೃತ್ತ ಇಂಜಿನಿಯರ್ ಕಳಿಸಿದ್ದು. ಸುಳ್ಳು ಹೇಳುವವರಲ್ಲ.

ಪುಟ್ಟಿ: ಅವರಿಗೆ ಯಾರು ಕಳಿಸಿದರು?

ದೊಡ್ಡಪ್ಪ: ಕಷಾಯದ ಕಾಲದಿಂದ ನಿನಗೆ ನನ್ನ ಮೇಲೆ ಕಣ್ಣು.

ಪುಟ್ಟಿ: ಕಷಾಯದ ಮಾತು ನಾನು ಎತ್ತಲಿಲ್ಲ. ನೀವೇ ಎತ್ತಿದ್ದು.

ಆಮೇಲೆ ಅವಳು ನಾಲ್ಕು ನಿಮಿಷ ಟೈಪ್ ಮಾಡಿದಳು. ನ್ಯಾಯವಾಗಿ ಹೇಳಬೇಕು ಅಂದರೆ ಇಡೀ ರಾತ್ರಿಯಲ್ಲಿ ಕೆಲಸಕ್ಕೆ ಬಂದ ಮೆಸೇಜ್ ಅದೊಂದೇ.

ಪುಟ್ಟಿ: ಕ್ಲಬ್ ಬಂದ್ ಆಗಿಲ್ಲ. ನಿನ್ನೆ ಅವರು ಹೇಳಿದ್ದು ಇಷ್ಟೇ. ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ಮುಂದಿನ ತೀರ್ಮಾನದ ತನಕ ಇಲ್ಲ. ಮಕ್ಕಳ ತಂಡ, ಕೋಚಿಂಗ್ ಶಾಲೆ ಎಲ್ಲ ನಡೆಯುತ್ತವೆ. ಯಾಕೆ ಅಂದರೆ ಲೀಗ್ ಯಾವಾಗ ಶುರು ಅಂತಲೇ ಗೊತ್ತಿಲ್ಲ. ಲೀಗ್ ನಡೆಸುವ ಎಫ್‌ಎಸ್‌ಡಿಎಲ್ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ ಇರುವುದು 2010ರ, 15 ವರ್ಷದ ಒಪ್ಪಂದ, ವರ್ಷಕ್ಕೆ 50 ಕೋಟಿ. ಅದು ಈ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಲೀಗ್ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಮುಗಿಯುವುದು ಏಪ್ರಿಲ್‌ನಲ್ಲಿ. ಅರ್ಧದಲ್ಲಿ ಒಪ್ಪಂದ ಮುಗಿದರೆ ಟಿವಿ ದುಡ್ಡು ಯಾರದು, ಸ್ಪಾನ್ಸರ್ ಯಾರ ಜೊತೆ ಸಹಿ ಹಾಕಬೇಕು? ಅದಕ್ಕೇ ಜುಲೈ 11ಕ್ಕೆ ಸೀಸನ್ ಸದ್ಯಕ್ಕೆ ತಡೆಹಿಡಿದಿದ್ದೇವೆ ಅಂತ ಕಂಪನಿ ಪತ್ರ ಬರೆಯಿತು. ಹೊಸ ಒಪ್ಪಂದ ಮಾಡೋಣ ಅಂದರೆ ಫೆಡರೇಷನ್ನಿನ ಸಂವಿಧಾನದ ಕೇಸು ಸುಪ್ರೀಂ ಕೋರ್ಟಿನಲ್ಲಿದೆ. ಬಾಡಿಗೆ ಮನೆ ಅಗ್ರಿಮೆಂಟ್ ಡಿಸೆಂಬರ್‌ಗೆ ಮುಗಿಯುತ್ತೆ, ಮುಂದೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದರೆ ಸೆಪ್ಟೆಂಬರ್‌ನಲ್ಲಿ ಯಾರಾದರೂ ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸುತ್ತಾರಾ? ಹಾಗೆ.

ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಮಲ್ಲೇಶ್ವರ ಅತ್ತೆ: ಯಾರ ಮನೆ ಖಾಲಿಯಾಗುತ್ತಿದೆ ಪುಟ್ಟಿ? ನಮ್ಮ ಪಕ್ಕದವರ ಮಗಳು ಹುಡುಕುತ್ತಿದ್ದಾಳೆ. ಅಡ್ವಾನ್ಸ್ ಎಷ್ಟಂತೆ?

ಅಷ್ಟರಲ್ಲಿ ಹಲಸೂರು ಭಾವನಿಂದ ವಾಯ್ಸ್ ನೋಟ್, 4 ನಿಮಿಷ 12 ಸೆಕೆಂಡ್. ಭಾವ ಅಂದರೆ ತೀರಿಹೋದ ದೊಡ್ಡತ್ತೆಯ ಮಗ, ಅರವತ್ತು ದಾಟಿದವರು. ಬಸ್ಸಿನಲ್ಲಿ ಕಿವಿಗೆ ಒತ್ತಿಕೊಂಡು ಕೇಳಿದೆ. ಸಂಬಳ, ಒಪ್ಪಂದ, ಯಾವುದರ ಸುದ್ದಿಯೂ ಇಲ್ಲ. ಗೌತಮಪುರದ ಗಲ್ಲಿ, ಆಸ್ಟಿನ್ ಟೌನ್ ಮೈದಾನ, ಬರಿಗಾಲು. ಸ್ಟಾಫರ್ಡ್ ಕಪ್ ಮ್ಯಾಚಿಗೆ ಅಶೋಕನಗರ ಸ್ಟೇಡಿಯಂನಲ್ಲಿ ಪೊಟ್ಟಣದ ಕಡಲೆಕಾಯಿ, ಸಿಪ್ಪೆ ಮುಂದಿನ ಸಾಲಿನವರ ತಲೆ ಮೇಲೆ. 1968-69ರಲ್ಲಿ ರಾಜ್ಯ ರಾಜ್ಯಗಳು ಆಡುವ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೆದು ಆಗಿನ ಮೈಸೂರು ರಾಜ್ಯದ ತಂಡ ಗೆದ್ದಾಗ ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. ಭಾವನಿಗೆ ನೆನಪಿರುವುದು ಮುಂದಿದ್ದವರ ಬೋಳುತಲೆ ಮಾತ್ರ. ಆಮೇಲೆ ಅದೇ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದದ್ದು 54 ವರ್ಷಕ್ಕೆ, 2023ರಲ್ಲಿ, ಅದೂ ರಿಯಾದ್‌ನಲ್ಲಿ ಆಡಿ. ಕೊನೆಗೆ, "ಕೋಲ್ಕತ್ತದವರ ಕೈಲಿ ಸೋತೆವು ಅಂತ ಯಾಕಪ್ಪ ಅಳುತ್ತೀರಿ, ಅವರಿಗೆ ಆಡಿಕೊಟ್ಟವರೇ ನಮ್ಮವರು! ಅಹ್ಮದ್ ಖಾನ್, ಧನರಾಜ್, ಇಬ್ಬರೂ ಬೆಂಗಳೂರು. ಪಂಚಪಾಂಡವರು ಅಂತಿದ್ದರು!"

ಪುಟ್ಟಿ: ಭಾವ, ಪಂಚಪಾಂಡವರು ಕೋಲ್ಕತ್ತದ ಇನ್ನೊಂದು ಕ್ಲಬ್, ಈಸ್ಟ್ ಬೆಂಗಾಲ್‌ನವರು. ಈಗ ಗೆದ್ದಿರುವುದು ಮೋಹನ್ ಬಗಾನ್. ಅವರಿಬ್ಬರಿಗೂ ಹಾವು ಮುಂಗುಸಿ.

ಹಲಸೂರು ಭಾವ: ರಸಗುಲ್ಲ ಒಂದೇ ಅಲ್ವಾ ಬಿಡು.

ದೊಡ್ಡಪ್ಪ: ಆ ಕಾಲದಲ್ಲಿ ಆಟ ನೋಡಿದವರು ಮನೆಗೆ ಬರುತ್ತಿದ್ದರು. ಈ ಜೂನ್ 4ಕ್ಕೆ ಚಿನ್ನಸ್ವಾಮಿ ಹತ್ತಿರ ಹೋದ 11 ಜನ ಬರಲಿಲ್ಲ.

ಇದಕ್ಕೆ ಯಾರೂ ಸೋರ್ಸ್ ಕೇಳಲಿಲ್ಲ. ಆರು ನಿಮಿಷ ಗುಂಪು ಸದ್ದಿಲ್ಲ. ಅವತ್ತು ಸಂಜೆ ನಾನೂ ಕಬ್ಬನ್ ಪಾರ್ಕ್ ಕಡೆಯೇ ಇದ್ದೆ, ಫೋನ್ ಹತ್ತದೆ ಅಮ್ಮ ಎಷ್ಟು ಒದ್ದಾಡಿದಳು ಅಂತ ದೊಡ್ಡಪ್ಪನಿಗೆ ಗೊತ್ತು. ಅವರ ಮೆಸೇಜುಗಳ ಹಿಂದೆ ಇರುವುದು ಆ ಸಂಜೆಯೇ ಇರಬಹುದು. ಹೇಳುವ ರೀತಿ ಮಾತ್ರ ಯಾವಾಗಲೂ ಪಾಠದ ಹಾಗೆ.

ಮೌನ ಮುರಿದದ್ದು ನ್ಯೂಜೆರ್ಸಿ ಚಿಕ್ಕಪ್ಪ. ಅಲ್ಲಿ ಬೆಳಗಿನ ಕಾಫಿ ಹೊತ್ತು. ಮೇಲಿನದು ಒಂದಕ್ಷರ ಓದಿರಲಿಲ್ಲ.

ನ್ಯೂಜೆರ್ಸಿ ಚಿಕ್ಕಪ್ಪ: ಇಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಆಡುವುದು, ಹಹಹ. ಫೆಬ್ರವರಿ 9ಕ್ಕೆ ಅದರ ಫೈನಲ್, ಸೂಪರ್ ಬೌಲ್, ಈಗಲ್ಸ್ 40-22ಕ್ಕೆ ಚೀಫ್ಸ್‌ನ ಮಲಗಿಸಿದರು. ಆಮೇಲೆ ಆಫ್‌ಸೀಸನ್ನೂ ಒಂದು ಹಬ್ಬ. ಏಪ್ರಿಲ್‌ನಲ್ಲಿ ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವುದು, ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. ಅದನ್ನು ನೋಡುವುದಕ್ಕೇ ಜನ ಟಿವಿ ಮುಂದೆ. ಮುಂದಿನ ಸೀಸನ್ ಯಾವತ್ತು ಅಂತ ಎಲ್ಲರಿಗೂ ಗೊತ್ತು. ಸಿಸ್ಟಮ್ ಅಂದರೆ ಅದು ಅಣ್ಣ.

ದೊಡ್ಡಪ್ಪ: ಸಿಸ್ಟಮ್ ಗೊತ್ತಿರುವವರು ಊರ ಮನೆಯ ಹಂಚಿನ ದುಡ್ಡು ಯಾವತ್ತು ಕಳಿಸುತ್ತಾರೆ?

ನ್ಯೂಜೆರ್ಸಿ ಚಿಕ್ಕಪ್ಪ: ಅಣ್ಣ, ಅದನ್ನು ಇಲ್ಲಿ ಬೇಡ.

ದೊಡ್ಡಪ್ಪ: 2019ರ ಮಳೆಗೆ ಹಾರಿದ ಹಂಚು. ಮೂರು ಪಾಲು ಅಂತ ಮಾತು. ಎರಡು ಪಾಲು ಹಾಕಿದವರು ಯಾರು ಅಂತ ಗುಂಪಿಗೇ ಗೊತ್ತು.

ಮಲ್ಲೇಶ್ವರ ಅತ್ತೆ: ಮೂರು ಪಾಲು ಅಂತ ಗಂಡಸರೇ ಮಾತಾಡಿಕೊಂಡಿರಿ. ನನ್ನನ್ನು ಯಾರಾದರೂ ಕೇಳಿದಿರಾ?

ಇನ್ನು ಇದು ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು. ಹಂಚಿನಿಂದ ತೆಂಗಿನ ಮರ, ತೆಂಗಿನ ಮರದಿಂದ ಅಜ್ಜಿಯ ಅವಲಕ್ಕಿ ಸರ. ಚಿಕ್ಕಪ್ಪನಿಗೂ ಗೊತ್ತು. ಪಾರಾಗುವುದಕ್ಕೆ ಸಿಕ್ಕಿದ್ದು ನಾನು.

ನ್ಯೂಜೆರ್ಸಿ ಚಿಕ್ಕಪ್ಪ: ಅದಿರಲಿ, ನಮ್ಮ ಫುಟ್‌ಬಾಲ್ ಪಂಡಿತ ಎಲ್ಲಿ? ಬಾಯೇ ಬಿಡುತ್ತಿಲ್ಲ?

ದೊಡ್ಡಪ್ಪ: ಹೇಗೆ ಬಿಡುತ್ತಾನೆ? ಬೀಗರ ಮುಂದೆ ಕೂಗಿ ನಮ್ಮ ಮಾನ ಹರಾಜು ಹಾಕಿದವನು. ಪಾಪ, ಆ ದೊಡ್ಡ ಮನುಷ್ಯರು ಎರಡನೇ ಹೋಳಿಗೆ ತೆಗೆದುಕೊಳ್ಳುತ್ತಿದ್ದರು.

ಮಲ್ಲೇಶ್ವರ ಅತ್ತೆ: ಮೂರನೆಯದು. ನಾನೇ ಬಡಿಸಿದ್ದು.

ದೊಡ್ಡಪ್ಪ: ಎರಡನೆಯದು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಪುಟ್ಟಿ: ನಮ್ಮಣ್ಣನ ನಿಶ್ಚಿತಾರ್ಥದ ಬಗ್ಗೆ ಎಲ್ಲರಿಗೂ ನೆನಪಿರುವುದು ಇದೊಂದೇನಾ? ಮತ್ತೆ ಎರಡೋ ಮೂರೋ, ಯಾರ ಹತ್ತಿರವಾದರೂ ಫೋಟೋ ಇದೆಯಾ?

ಅವರಿವರ ಆಲ್ಬಂ ತಡಕಾಡಿ ಮೂರು ಫೋಟೋ ಬಿದ್ದವು. ಒಂದರಲ್ಲಿ ಪಲ್ಯ, ಒಂದರಲ್ಲಿ ಯಾರದೋ ಮೊಣಕೈ. ಇಪ್ಪತ್ತು ನಿಮಿಷ ಇದೇ ನಡೆಯಿತು. ಬೆರಳಿನಿಂದ ಮೇಲಕ್ಕೆ ಒಂದು ಸಲ ಸರಿಸಿದ್ದರೆ ಸಾಕಿತ್ತು, ದೊಡ್ಡಪ್ಪ ಕೈಯಾರೆ ಕಳಿಸಿದ ಮೆಸೇಜಿನಲ್ಲೇ ಹೋಳಿಗೆಯ ಸಂಖ್ಯೆ ಅಕ್ಷರದಲ್ಲಿ ಬರೆದಿತ್ತು. ಯಾರೂ ಸರಿಸಲಿಲ್ಲ. ಸೋರ್ಸ್ ಕೇಳಿದವಳೂ ಸಹ.

"ಅದು ನಾನೇ ಬರೆದದ್ದು" ಅಂತ ಟೈಪ್ ಮಾಡಿದೆ. ಅಳಿಸಿದೆ. ಇನ್ನೊಂದು ಸಲ ಮಾಡಿದೆ. ಬಸ್ಸು ಒಮ್ಮೆಲೇ ಮುಂದಕ್ಕೆ ಜಗ್ಗಿ ಬೆರಳು ಎಲ್ಲೋ ಹೋಯಿತು. ಕೊನೆಗೆ ಕಳಿಸಿದ್ದು ಇದು: ಓದಿದೆ ದೊಡ್ಡಪ್ಪ. ತಪ್ಪಾಯಿತು. ಚೆನ್ನಾಗಿ ಬರೆದಿದ್ದಾನೆ.

ದೊಡ್ಡಪ್ಪ: ಭಾಷೆ ಪರವಾಗಿಲ್ಲ. ಕಂಠೀರವ ಬರೆಯಲು ಬರುವುದಿಲ್ಲ, ನಿನ್ನ ಹಾಗೇ.

ಅಂದರೆ ಅವರು ಅಷ್ಟು ದೂರ ಓದಿದ್ದರು. ಕಾಗುಣಿತಕ್ಕೆ ಮಾತ್ರ.

ಮನೆ ಮೆಟ್ಟಿಲು ಹತ್ತುವಾಗ ಬೇರೆ ಕಡೆಯಿಂದ ಮೆಸೇಜ್ ಬಂತು. ಗುಂಪಿನಲ್ಲಲ್ಲ, ನನಗೊಬ್ಬನಿಗೇ. ಪುಟ್ಟಿಯ ಅಣ್ಣನನ್ನು ಮದುವೆಯಾಗಲಿರುವ ಹುಡುಗಿ. ಹೋದ ವಾರವಷ್ಟೇ ಅವರನ್ನು ಗುಂಪಿಗೆ ಸೇರಿಸಿದ್ದು, ಇವತ್ತಿನ ತನಕ ಎಲ್ಲರಿಗೂ ಕೈಮುಗಿದ ಚಿತ್ರ ಬಿಟ್ಟರೆ ಒಂದು ಮಾತು ಆಡಿರಲಿಲ್ಲ.

"ಪೂರ್ತಿ ಓದಿದೆ. ಇದು ನೀವೇ ಬರೆದದ್ದು ಅಲ್ವಾ? ರಜೆಗೆ ಕೊನೆಯ ತಾರೀಕೇ ಇಲ್ಲ ಅನ್ನುವ ಸಾಲು ಓದಿ ನನಗೂ ಒಂಥರಾ ಆಯಿತು. ಮತ್ತೆ, ಹೋಳಿಗೆ ಮೂರನೆಯದೇ. ನಮ್ಮ ಸೋದರಮಾವನಿಗೂ ಕಳಿಸಿದ್ದೇನೆ. ಅದರಲ್ಲೇ ಇತ್ತಲ್ಲ, 10 ಜನಕ್ಕೆ ಅಂತ."